ಬೆಳಕಿನ ಎಳೆಯ ಸಂಶೋಧನೆ ಮಲೆನಾಡಿನ ಮಳೆಗೂ ಬರಲಿ

ಮಾನ್ಯ ಸಂಪಾದಕರೇ,

ರೇಡಿಯೋ ಸಿಗ್ನಲನ್ನು ಬೆಳಕಿನ ಮೇಲೆ ಹೊರಿಸಿ ಸಾಗಿಸುವ, ಸೋಸುವ ಬೆಳಕಿನ (ಫೋಟಾನಿಕ್) ಚಿಪ್‌ಗಳ ಸಂಶೋಧನೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಆಸಕ್ತಿಯಿಂದ ಓದಿದೆ. ರಾಡಾರ್, ಡೇಟಾ ಸೆಂಟರ್‌ಗಳ ಪ್ರಸ್ತಾಪ ಅದರಲ್ಲಿತ್ತು. ಸಿಗ್ನಲ್‌ಗಾಗಿ ಇಂದಿಗೂ ಗುಡ್ಡ ಹತ್ತುವ ನಮ್ಮ ಕಡೆಯವರಿಗೆ ಇದರಿಂದ ಆಗಬಹುದಾದ ಉಪಯೋಗದ ಮಾತು ಇರಲಿಲ್ಲ. ದೂರವಾಣಿ ಕೇಬಲ್ ಕೆಲಸದಲ್ಲೇ ಆಯುಷ್ಯ ಸವೆಸಿದವನಾದ್ದರಿಂದ ಈ ಪತ್ರ.

ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ತಲುಪದ ಗುಡ್ಡದ ಟವರ್‌ಗಳಿಗೆ ಸಾಮಾನ್ಯವಾಗಿ ಸಂಪರ್ಕ ಬರುವುದು ಎದುರು ಗುಡ್ಡದ ಮೈಕ್ರೋವೇವ್ ಡಿಶ್‌ನಿಂದ. ಸುಮಾರು 10 ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆಗಳನ್ನು ಜಡಿಮಳೆಯ ಹನಿಗಳು ಹೀರುತ್ತವೆ, ಚದುರಿಸುತ್ತವೆ. ಆಗುಂಬೆಯಂಥ ಊರಿನಲ್ಲಿ ಆಷಾಢದ ಮಳೆ ಹೇಗಿರುತ್ತದೆಂದು ಬರೆಯಬೇಕಾಗಿಲ್ಲ. ಇದರ ಬದಲು ರೇಡಿಯೋ ಸಿಗ್ನಲನ್ನೇ ಲೇಸರ್ ಬೆಳಕಿನ ಮೇಲೆ ಹೊರಿಸಿ, ಗುಡ್ಡದವರೆಗೆ ಎಳೆದ ಗಾಜಿನ ಎಳೆಯಲ್ಲಿ ಕಳಿಸಿದರೆ, ಮೇಲ್ತುದಿಯ ಫೋಟೋಡಯೋಡ್ ಅದನ್ನು ಮತ್ತೆ ವಿದ್ಯುತ್ ಸಂಕೇತವಾಗಿಸಿ ಆಂಟೆನಾಕ್ಕೆ ಕೊಡುತ್ತದೆ. ಸೂಕ್ಷ್ಮ ಯಂತ್ರಗಳೆಲ್ಲ ಪೇಟೆಯ ಎಕ್ಸ್‌ಚೇಂಜಿನಲ್ಲೇ ಉಳಿಯುತ್ತವೆ, ಗುಡ್ಡದ ಮೇಲೆ ಒಂದು ಪುಟ್ಟ ಪೆಟ್ಟಿಗೆ ಸಾಕು. ಮಳೆಯಲ್ಲಿ ಗುಡ್ಡ ಹತ್ತಿ ರಿಪೇರಿ ಮಾಡಿದವರಿಗೆ ಇದರ ಬೆಲೆ ಗೊತ್ತು.

ಬೇಡದ ತರಂಗಗಳನ್ನು ಸೋಸುವ ಕೆಲಸವನ್ನೂ ಬೆಳಕಿನಲ್ಲೇ ಮಾಡಬಹುದು. ಒಂದು ಗೇಣು ಎಳೆ ದಾಟಲು ಬೆಳಕಿಗೆ ಸುಮಾರು ಒಂದು ನ್ಯಾನೋಸೆಕೆಂಡ್ ಬೇಕು. ಸಂಕೇತವನ್ನು ಕವಲಾಗಿಸಿ, ಗಿಡ್ಡ ಮತ್ತು ಉದ್ದದ ಎಳೆಗಳಲ್ಲಿ ಹಾಯಿಸಿ ಕೂಡಿಸಿದರೆ ಕೆಲವು ತರಂಗಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಉಳಿದವು ಗಟ್ಟಿಯಾಗುತ್ತವೆ.

ತೊಡಕುಗಳಿಲ್ಲವೆಂದಲ್ಲ. ಒಳ್ಳೆಯ ಫೈಬರ್‌ನಲ್ಲಿ ಕಿಲೋಮೀಟರಿಗೆ ನಷ್ಟ ಸುಮಾರು 0.2 ಡೆಸಿಬೆಲ್, ಅಂದರೆ 15 ಕಿ.ಮೀ. ಕಳೆದರೂ ಅರ್ಧ ಬೆಳಕು ಉಳಿದಿರುತ್ತದೆ. ಆದರೆ ಬೆಳಕು ಅರ್ಧವಾದರೆ ಫೋಟೋಡಯೋಡ್ ಕೊಡುವ ವಿದ್ಯುತ್ ಪ್ರವಾಹವೂ ಅರ್ಧವಾಗಿ, ಅದರ ವರ್ಗಕ್ಕೆ ತಕ್ಕಂತೆ ರೇಡಿಯೋ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಸಿಗ್ನಲನ್ನು ಬೆಳಕಿನ ಮೇಲೆ ಹೊರಿಸುವ, ಕಡಿಮೆ ವೋಲ್ಟೇಜಿನಲ್ಲಿ ದುಡಿಯುವ ಮಾಡ್ಯುಲೇಟರ್‌ಗಳಿಗಾಗಿ, ಬೆಳಕಿನ ಏರಿಳಿತದ ಗದ್ದಲ (ನಾಯ್ಸ್) ಕಡಿಮೆಯಿರುವ ಲೇಸರ್‌ಗಳಿಗಾಗಿ ಸಂಶೋಧಕರು ಹೆಣಗುತ್ತಿರುವುದು ಇದಕ್ಕೇ.

ಇನ್ನು ಎಳೆಯೇ ತುಂಡಾದರೆ? ಒಂದು ಮಳೆಗಾಲ, ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಕಿತ್ತುಹಾಕಿದ 24 ಎಳೆಗಳ ಕೇಬಲ್ಲಿಗೆ ಟಾರ್ಪಾಲಿನಡಿ ಕುಳಿತು ಜಾಯಿಂಟ್ ಹಾಕಿದ್ದೆವು. ಹೊದಿಕೆ ಸುಲಿದ ಎಳೆಯ ದಪ್ಪ 125 ಮೈಕ್ರಾನ್, ತಲೆಗೂದಲಿಗಿಂತ ತುಸು ಹೆಚ್ಚು. ಸ್ಪಿರಿಟ್‌ನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟರೆ ಕಿಡಿ ಹಾರಿ ಎರಡು ತುದಿಗಳೂ ಕರಗಿ ಬೆಸೆದುಕೊಳ್ಳುತ್ತವೆ. ಒಂದು ಹನಿ ಬಿದ್ದರೂ ಮತ್ತೆ ಮೊದಲಿನಿಂದ. ಪರದೆಯ ಮೇಲೆ ಜಾಯಿಂಟಿನ ನಷ್ಟ 0.02 ಡೆಸಿಬೆಲ್ ಎಂದು ಮೂಡುವವರೆಗೆ ಯಾರೂ ಮಾತಾಡಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮದ್ರಾಸ್ ಐಐಟಿಯಲ್ಲೂ ಫೋಟಾನಿಕ್ ಚಿಪ್‌ಗಳ ಕೆಲಸ ನಡೆಯುತ್ತಿದೆ. ಅವರು ತಮ್ಮ ಉಪಕರಣಗಳನ್ನು ಹವಾನಿಯಂತ್ರಿತ ಕೋಣೆಯಿಂದ ಹೊರತಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಒಂದು ಗುಡ್ಡದಲ್ಲಿ ಪರೀಕ್ಷಿಸಲೆಂದು ಕೋರುತ್ತೇನೆ. ಶಿವಮೊಗ್ಗ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಅಳತೆಯ ಕೆಲಸಕ್ಕೆ ಸೇರಿಸಿಕೊಳ್ಳಲಿ. ಶುದ್ಧ ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಕಳಿಸಬಹುದೆಂದು ವಿಜ್ಞಾನಿ ಚಾರ್ಲ್ಸ್ ಕಾವೊ 1966ರಲ್ಲಿ ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದರೂ, ಗಾಜಿನ ಎಳೆಯನ್ನು ಕೈಯಲ್ಲಿ ಹಿಡಿದೇ ನೋಡದ ಹುಡುಗರನ್ನು ನಾನು ಕಂಡಿದ್ದೇನೆ. ಕೇಬಲ್ ದಾರಿ ತೋರಿಸಲು ನಮ್ಮಂಥ ನಿವೃತ್ತರಿದ್ದೇವೆ. ಯಾವ ಮರದ ಬುಡದಲ್ಲಿ ಜಾಯಿಂಟ್ ಹೂತಿದೆಯೆಂಬುದು ನಕ್ಷೆಗಿಂತ ನಮಗೇ ಚೆನ್ನಾಗಿ ಗೊತ್ತು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ದೂರವಾಣಿ ನೌಕರ, ತೀರ್ಥಹಳ್ಳಿ