ಗೆಳೆಯ ಹೊರಡುವ ಮುಂಚೆ ಒಂದು ದಿನ

ಪ್ರೀತಿಯ ಪುಟ್ಟ,

ನಿನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪಗಿತ್ತು. ಗಿಟಾರ್ ನುಡಿಸುವ ಹುಡುಗ ಮುಂದಿನ ತಿಂಗಳು ಓದೋಕೆ ಪುಣೆಗೆ ಹೊರಟಿದ್ದಾನೆ, ನಮ್ಮ ಬ್ಯಾಂಡ್ ಮುಗೀತು ಅತ್ತೆ ಅಂದೆ. ರೆಕಾರ್ಡ್ ಏನಾದರೂ ಮಾಡಿದ್ದೀರಾ ಅಂತ ಕೇಳಿದೆ. ಹಾಡುಗಳು ಇನ್ನೂ ಸರಿಯಾಗಿ ಕೂತಿಲ್ಲ, ಸ್ಟುಡಿಯೋಗೆ ದುಡ್ಡೂ ಇಲ್ಲ ಅಂದೆ. ರಾತ್ರಿಯೆಲ್ಲ ಅದೇ ಮಾತು ಕೊರೆಯುತ್ತಿತ್ತು.

ನಿನಗೆ ಒಂದು ಆಲ್ಬಮ್ ಬಗ್ಗೆ ಹೇಳಬೇಕು. ಹೆಸರು 'ಅರ್ಝಾಕೆಲ್'. ಬಂದಿದ್ದು 1969ರಲ್ಲಿ. ಆಗ ಅದನ್ನು ಕೇಳಿದವರು ತೀರಾ ಕಡಿಮೆ. ನನ್ನ ಕೈಗೆ ಸಿಕ್ಕಿದ್ದು ಕ್ಯಾಸೆಟ್ ಕಾಲದಲ್ಲಿ, ಕಾಪಿಯ ಕಾಪಿ. ಹಾಡಿಗಿಂತ ಮೊದಲು ಟೇಪಿನ ಸುಯ್ ಸದ್ದೇ ಕೇಳಿಸುತ್ತಿತ್ತು. ಆದರೂ ಅದು ನನ್ನನ್ನು ಬಿಡಲಿಲ್ಲ.

ಲಂಡನ್ನಿನ ಸಿಟಿ ಆಫ್ ಲಂಡನ್ ಶಾಲೆಯಲ್ಲಿ ಮೂವರು ಹುಡುಗರು ಇದ್ದರು. ಸ್ಟೀವ್ ಹಿಲೇಜ್ ಗಿಟಾರ್, ಡೇವ್ ಸ್ಟೂವರ್ಟ್ ಆರ್ಗನ್, ಮಾಂಟ್ ಕ್ಯಾಂಪ್‌ಬೆಲ್ ಬೇಸ್ ಗಿಟಾರ್ ಮತ್ತು ಹಾಡುಗಾರಿಕೆ. ಡ್ರಮ್ಸ್‌ಗೆ ಕ್ಲೈವ್ ಬ್ರೂಕ್ಸ್ ಸೇರಿಕೊಂಡ. ಬ್ಯಾಂಡಿಗೆ ಯೂರಿಯಲ್ ಅಂತ ಹೆಸರಿಟ್ಟರು. 1968ರ ಬೇಸಿಗೆಯಲ್ಲಿ ಐಲ್ ಆಫ್ ವೈಟ್ ದ್ವೀಪದ ಒಂದು ಹೋಟೆಲಿನಲ್ಲಿ ನುಡಿಸಿದರು. ಅಷ್ಟರಲ್ಲಿ ಹಿಲೇಜ್ ಓದಿಗೆ ಅಂತ ಬ್ಯಾಂಡ್ ಬಿಟ್ಟ. ಉಳಿದ ಮೂವರು 'ಎಗ್' ಅನ್ನೋ ಹೆಸರಲ್ಲಿ ಮುಂದುವರಿದು ಡೆಕ್ಕಾ ಅನ್ನೋ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು, ನಿಮ್ಮದು ಮುಗೀತು ಅಂತ ನೀನು ಹೇಳುತ್ತಿರುವ ಹಾಗೆ. ಆದರೆ 1969ರ ಜೂನ್‌ನಲ್ಲಿ ಎವಲ್ಯೂಷನ್ ಅನ್ನೋ ಇನ್ನೊಂದು ಚಿಕ್ಕ ರೆಕಾರ್ಡ್ ಕಂಪನಿಗಾಗಿ ಒಂದು ಆಲ್ಬಮ್ ಮಾಡುವ ಅವಕಾಶ ಬಂತು. ಹಿಲೇಜ್‌ನನ್ನು ವಾಪಸ್ ಕರೆದರು. ನಾಲ್ವರೂ ಸ್ಟುಡಿಯೋದಲ್ಲಿ ಸೇರಿದರು. ಒಂದೇ ದಿನದಲ್ಲಿ ಪೂರ್ತಿ ಆಲ್ಬಮ್ ನುಡಿಸಿ ಮುಗಿಸಿದರು! ಹಿಲೇಜ್‌ಗೆ ಆಗ ಇನ್ನೂ 17, ಸ್ಟೂವರ್ಟ್‌ಗೆ 18. ಅಂದರೆ ನಿಮಗಿಂತ ಚಿಕ್ಕವರು. ಡೆಕ್ಕಾ ಒಪ್ಪಂದ ಇದ್ದಿದ್ದರಿಂದ ಸ್ವಂತ ಹೆಸರು ಹಾಕುವ ಹಾಗಿರಲಿಲ್ಲ. ಹಿಲೇಜ್ 'ಸಿಮಿಯನ್ ಸಾಸ್ಪರೆಲ್ಲಾ' ಆದ. ಬ್ಯಾಂಡಿಗೇ ಅರ್ಝಾಕೆಲ್ ಅಂತ ಹೊಸ ಹೆಸರು ಬಂತು. ಅದು ಚಂದ್ರನ ಮೇಲಿರುವ ಸುಮಾರು 97 ಕಿ.ಮೀ. ಅಗಲದ ಒಂದು ಕುಳಿಯ ಹೆಸರು. ಆ ಕುಳಿಗೆ ಹೆಸರು ಬಂದಿದ್ದು 11ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿದ್ದ ಖಗೋಳ ಪಂಡಿತ ಅಲ್-ಜರ್ಕಾಲಿಯಿಂದ.

ಈಗ ಸಂಗೀತದ ಮಾತು. 'ಅಜಥೋತ್' ಅನ್ನೋ ಹಾಡಿನಿಂದ ಶುರು ಮಾಡು. ಆರ್ಗನ್ ಚರ್ಚಿನ ಪ್ರಾರ್ಥನೆಯ ಹಾಗೆ ಮೆಲ್ಲಗೆ ಬರುತ್ತದೆ. ಕ್ಯಾಂಪ್‌ಬೆಲ್ ದನಿ ಎಲ್ಲೂ ಎಳೆಯೋದಿಲ್ಲ, ಕುಣಿಯೋದಿಲ್ಲ, ನೆಟ್ಟಗೆ ನಿಂತು ಹಾಡುತ್ತಾನೆ. ಹಾಗಾಗಿಯೇ ಹಾಡಿನಲ್ಲಿರುವ ಭಯ ನಿಜ ಅನ್ನಿಸುತ್ತದೆ. 'ಕ್ವೀನ್ ಸ್ಟ್ರೀಟ್ ಗ್ಯಾಂಗ್'ನಲ್ಲಿ ಮಾತೇ ಇಲ್ಲ. ಅದನ್ನು ಕೇಳುವಾಗ ಬೇಸ್ ಒಂದನ್ನೇ ಹಿಡಿದುಕೊಂಡು ಹೋಗು. ಆರ್ಗನ್ ಅದರ ಮೇಲೆ ಹೇಗೆ ನಡೆಯುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ಯಾವಾಗಲೂ ಹಿಂದೆ ನಿಂತಿರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಆರ್ಗನ್ ಮತ್ತು ಗಿಟಾರ್ ಸರಿಸಮಾನ. ಒಬ್ಬ ಮಾತು ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ.

ಕೊನೆಗೆ ಬರೋದು 'ಮೆಟೆಂಸೈಕೋಸಿಸ್', ಹದಿನಾರು ನಿಮಿಷಕ್ಕೂ ಜಾಸ್ತಿ. ಬಹುಪಾಲು ಅಲ್ಲೇ ಹುಟ್ಟಿದ ಸಂಗೀತ. ಹಿಲೇಜ್ ಗಿಟಾರ್ ಪ್ರತಿಧ್ವನಿಯಲ್ಲಿ ಮುಳುಗಿ ಏಳುತ್ತಾ ಹೋಗುತ್ತದೆ. ನಡುವೆ ಒಂದು ಕಡೆ ಎಲ್ಲರೂ ದಾರಿ ಹುಡುಕುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಸಡಿಲವಾಗಿದೆ, ನಿಜ. ಆದರೆ ನನಗೆ ಇಡೀ ಆಲ್ಬಮ್ಮಿನಲ್ಲಿ ತುಂಬ ಹತ್ತಿರವಾದ ಜಾಗ ಅದೇ. ನಾಲ್ಕು ಜನ ಒಬ್ಬರನ್ನೊಬ್ಬರು ಕಿವಿಗೊಟ್ಟು ಕೇಳುತ್ತಾ, ಯಾರಾದರೂ ಹೆಜ್ಜೆ ಎತ್ತಲಿ ಅಂತ ಕಾಯುವ ಸದ್ದು. ಹತ್ತು ಸಲ ತಿದ್ದಿದ್ದರೆ ಅದು ಉಳಿಯುತ್ತಿರಲಿಲ್ಲ.

ಆ ವರ್ಷದ ಅಕ್ಟೋಬರ್‌ನಲ್ಲಿ ಕಿಂಗ್ ಕ್ರಿಮ್ಸನ್ ಅನ್ನೋ ಬ್ಯಾಂಡಿನ ಮೊದಲ ಆಲ್ಬಮ್ ಬಂತು. ಪ್ರೋಗ್ರೆಸಿವ್ ರಾಕ್, ಅಂದರೆ ಬೇರೆ ಬೇರೆ ಧಾಟಿ ಬೆರೆಸಿ ಉದ್ದುದ್ದ ಕಟ್ಟುವ ರಾಕ್ ಸಂಗೀತ, ಅಂದ ಕೂಡಲೇ ಎಲ್ಲರೂ ಅದನ್ನೇ ಹೇಳುತ್ತಾರೆ, ಹೇಳಲೇಬೇಕು. ಆದರೆ ಅದಕ್ಕೂ ಮೊದಲೇ ಈ ಹುಡುಗರು ಬ್ಲೂಸ್, ಚರ್ಚಿನ ಧಾಟಿ, ಅಲ್ಲಲ್ಲೇ ಕಟ್ಟಿ ಉದ್ದಕ್ಕೆ ನುಡಿಸುವುದು ಎಲ್ಲವನ್ನೂ ಒಂದೇ ತಟ್ಟೆಗೆ ಹಾಕಿ ನೋಡಿದ್ದರು. ಮುಂದೆ ಹಿಲೇಜ್ 'ಗಾಂಗ್' ಅನ್ನೋ ಬ್ಯಾಂಡ್ ಸೇರಿದ. ಸ್ಟೂವರ್ಟ್ 'ಹ್ಯಾಟ್‌ಫೀಲ್ಡ್ ಅಂಡ್ ದ ನಾರ್ತ್' ಬ್ಯಾಂಡಿನಲ್ಲಿ ನುಡಿಸಿದ, 1981ರಲ್ಲಿ ಗಾಯಕಿ ಬಾರ್ಬರಾ ಗ್ಯಾಸ್ಕಿನ್ ಜೊತೆ ಮಾಡಿದ ಒಂದು ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇ ಹೋಯಿತು. ಅವೆಲ್ಲ ಆಮೇಲಿನ ಮಾತು. ಆ ದಿನ ಸ್ಟುಡಿಯೋಗೆ ಬಂದಾಗ ಅವರು ನಾಲ್ಕು ಜನ ಗೆಳೆಯರು, ಅಷ್ಟೆ.

ಪುಟ್ಟ, ನಾನು ಹಾಸ್ಟೆಲಿನಲ್ಲಿದ್ದಾಗ ನಾವು ಮೂವರು ಸೇರಿ ಹಾಡು ಕಟ್ಟುತ್ತಿದ್ದೆವು. ನಿನಗೆ ಯಾವತ್ತೂ ಹೇಳಿಲ್ಲ. ಒಬ್ಬಳ ಹತ್ತಿರ ಹಾರ್ಮೋನಿಯಂ ಇತ್ತು. ವಾರ್ಡನ್ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಇತ್ತು, ಕೇಳಿದರೆ ಕೊಡುತ್ತಿದ್ದರು. ಮುಂದಿನ ವಾರ, ಇನ್ನೂ ಸ್ವಲ್ಪ ಚೆನ್ನಾಗಿ ಬರಲಿ, ಅಂತ ಮುಂದೆ ಹಾಕಿದೆವು. ಪರೀಕ್ಷೆ ಮುಗಿದ ವಾರವೇ ಅವಳ ಮದುವೆ ಆಯಿತು. ಏಳು ಹಾಡುಗಳಲ್ಲಿ ಈಗ ನನಗೆ ನೆನಪಿರೋದು ಒಂದರ ಪಲ್ಲವಿ ಮಾತ್ರ. ಅಡುಗೆ ಮಾಡುವಾಗ ಅದನ್ನೇ ಹಾಡಿಕೊಳ್ಳುತ್ತೇನೆ. ಚರಣಕ್ಕೆ ಬಂದಾಗ ನಿಲ್ಲಿಸುತ್ತೇನೆ.

ಅದಕ್ಕೇ ಹೇಳುತ್ತೇನೆ, ಸ್ಟುಡಿಯೋ ಬೇಡ. ನಮ್ಮ ಮಹಡಿ ಮೇಲಿನ ಕೋಣೆ ಸುಮ್ನೆ ಖಾಲಿ ಬಿದ್ದಿದೆ. ನಾಲ್ವರೂ ಒಟ್ಟಿಗೆ ಕೂತು ನುಡಿಸಿ, ಒಬ್ಬೊಬ್ಬರದೇ ಬೇರೆ ಬೇರೆ ಹಿಡಿಯೋಕೆ ಹೋಗಬೇಡಿ. ತಪ್ಪಿದರೆ ಇನ್ನೊಂದು ಸಲ, ಜಾಸ್ತಿ ಅಂದರೆ ಮೂರು ಸಲ. ಆಮೇಲೆ ಮುಂದಿನ ಹಾಡು. ಫೈಲುಗಳನ್ನು ಎರಡು ಕಡೆ ಇಡಿ, ತಾರೀಖು ಬರೆಯಿರಿ, ನಿಮ್ಮ ನಿಮ್ಮ ಸ್ವಂತ ಹೆಸರೇ ಬರೆಯಿರಿ. ಬರುವ ಮುಂಚೆ ಅರ್ಝಾಕೆಲ್ ಅನ್ನು ನಾಲ್ವರೂ ಒಟ್ಟಿಗೆ ಕೂತು ಪೂರ್ತಿ ಕೇಳಿ, ಮುಕ್ಕಾಲು ಗಂಟೆ ಅಷ್ಟೆ.

ಬರೋ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದುಬಿಡಿ. ಪಕ್ಕದ ಮನೆಯವರಿಗೆ ಸದ್ದಿನ ಬಗ್ಗೆ ಈಗಾಗಲೇ ಹೇಳಿದ್ದೇನೆ. ಕರೆಂಟ್ ಹೋದರೆ ಯುಪಿಎಸ್ ಇದೆ. ಮಧ್ಯಾಹ್ನ ಬಿಸಿಬೇಳೆಬಾತ್ ಮಾಡುತ್ತೇನೆ. ಗಿಟಾರ್ ಹುಡುಗ ಬೆಳ್ಳುಳ್ಳಿ ತಿನ್ನುತ್ತಾನೋ ಇಲ್ಲವೋ ಕೇಳಿ ಹೇಳು.

ನಿನ್ನ ಅತ್ತೆ