ಲೆಕ್ಕ ಸರಿಯಿದ್ದರೂ ಹುಂಜಗಳು ಕಾದಾಡುತ್ತವೆ

ಮಾನ್ಯ ಸಂಪಾದಕರೇ,

ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಎಲ್ಲರೂ ಹೇಳುವುದು ‘ಹತ್ತು ಹೇಂಟೆಗೆ ಒಂದು ಹುಂಜ’ ಎಂಬ ಲೆಕ್ಕ. ಅದು ಮರಿಯಾಗುವ ಮೊಟ್ಟೆ ಸಿಗಲೆಂದು ಇರುವ ಲೆಕ್ಕವೇ ಹೊರತು ಜಗಳ ತಪ್ಪಿಸುವುದಕ್ಕಲ್ಲ. 20 ಹೇಂಟೆಗೆ ಎರಡೇ ಹುಂಜ ಬಿಟ್ಟರೂ ಎರಡೂ ಸೇರಿ ಅದೇ ಮೂರ್ನಾಲ್ಕು ಹೇಂಟೆಗಳ ಬೆನ್ನು ಹತ್ತುವುದುಂಟು. ತಲೆ ಎಣಿಸುವ ಬದಲು ಹೇಂಟೆಗಳ ಬೆನ್ನು ನೋಡಿ. ಬೆನ್ನಿನ ಮೇಲೆ, ತಲೆಯ ಹಿಂಭಾಗದಲ್ಲಿ ಪುಕ್ಕ ಮುರಿದು ಚರ್ಮ ಕಂಡರೆ, ಪಕ್ಕೆಯಲ್ಲಿ ಗೀರು ಬಿದ್ದಿದ್ದರೆ, ಬೆಳಗಾದರೂ ಗೂಡಿನಿಂದ ಇಳಿಯಲು ಹೆದರುತ್ತಿದ್ದರೆ ಹುಂಜ ಹೆಚ್ಚಾಗಿದೆ. (ಪುಕ್ಕ ಬದಲಿಸುವ ಕಾಲದ ಬೋಳು ಬೇರೆ, ಅದು ಕುತ್ತಿಗೆ, ಎದೆ, ರೆಕ್ಕೆಗೂ ಹರಡುತ್ತದೆ.)

ಒಟ್ಟಿಗೆ ಬೆಳೆದ ಹುಂಜಗಳೂ ನಾಲ್ಕರಿಂದ ಆರು ತಿಂಗಳ ಪ್ರಾಯದಲ್ಲಿ ಎದೆಗೆ ಎದೆ ಕೊಟ್ಟು ಹಾರುತ್ತವೆ. ಒಂದು ಸೋತು ಓಡಿದರೆ ಅಲ್ಲಿಗೆ ಮುಗಿಯಿತು, ನಡುವೆ ಕೈ ಹಾಕಬಾರದು. ಅಪಾಯ ಇರುವುದು ಓಡಲು ಜಾಗವಿಲ್ಲದಾಗ. ಮೂಲೆಗೆ ಸಿಕ್ಕಿದ ಹುಂಜ ಸೋತೆನೆಂದು ತೋರಿಸಿಕೊಳ್ಳಲಾಗದೆ ಏಟು ತಿನ್ನುತ್ತಲೇ ಇರುತ್ತದೆ. ಆವರಣದ ನಡುವೆ ಓರೆಯಾಗಿ ಹಲಗೆ ನಿಲ್ಲಿಸಿ, ಸೌದೆ ರಾಶಿ ಹಾಕಿ, ಒಂದರ ಕಣ್ಣಿಗೆ ಇನ್ನೊಂದು ಮರೆಯಾಗುವಂತೆ ಮಾಡಬೇಕು. ಮೇವಿನ ತಟ್ಟೆ, ನೀರು ಎರಡೆರಡು ಕಡೆ ಇರಲಿ.

ಬಹಳ ಮಂದಿ ಸೋತ ಹುಂಜವನ್ನು ನಾಲ್ಕು ದಿನ ಬೇರೆ ಕಡೆ ಬಚ್ಚಿಟ್ಟು ಮತ್ತೆ ತಂದು ಬಿಡುತ್ತಾರೆ. ಅಷ್ಟರಲ್ಲಿ ಅದರ ಸ್ಥಾನ ಅಳಿಸಿಹೋಗಿರುತ್ತದೆ, ಕಾದಾಟ ಮೊದಲಿನಿಂದ ಶುರು. ರಕ್ತ ಬಂದಿದ್ದರೆ ಬೇರೆ ಮಾಡಲೇಬೇಕು, ಕೆಂಪು ಕಂಡಲ್ಲಿ ಉಳಿದವೂ ಕುಕ್ಕುತ್ತವೆ. ಆದರೆ ಇಡುವುದು ತಂತಿಬಲೆಯ ಆಚೆ, ಎಲ್ಲಕ್ಕೂ ಕಾಣುವಂತೆ. ಹೊಸ ಹುಂಜ ತಂದಾಗಲೂ ಎರಡು ವಾರ ಹೀಗೆಯೇ ಇಡಬೇಕು.

ಮೂರು ನಾಲ್ಕು ಹುಂಜಗಳಾದರೆ ಅವುಗಳಿಗೇ ಪ್ರತ್ಯೇಕ ಆವರಣ ಮಾಡುವುದು ಮೇಲು. ಗೂಡಿನೊಳಗೆ ತಲಾ 4 ಚದರಡಿ, ಹೊರಗೆ ಕನಿಷ್ಠ 10 ಚದರಡಿ, ಸಾಧ್ಯವಾದರೆ ಅದರ ಎರಡರಷ್ಟು. ಹೇಂಟೆಗಳು ಕಣ್ಣಿಗೆ ಬೀಳಬಾರದು. ಒಂದೊಂದಾಗಿ ಸೇರಿಸದೆ ಎಲ್ಲವನ್ನೂ ಒಂದೇ ಸಂಜೆ ಕತ್ತಲಾದ ಮೇಲೆ ಹೊಸ ಗೂಡಿಗೆ ಬಿಡಬೇಕು. ಅಲ್ಲಿಂದ ಒಂದನ್ನು ಹೇಂಟೆಗಳ ಜೊತೆ ಬಿಟ್ಟು ವಾಪಸ್ ತಂದಿರೋ, ಶಾಂತಿ ಕೆಟ್ಟಿತು. ಇವುಗಳಿಗೆ ಮೊಟ್ಟೆ ಕೋಳಿಯ ಮೇವು ಬೇಡ. ಅದರಲ್ಲಿ ಸುಮಾರು ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ, ಮೊಟ್ಟೆ ಇಡದ ಹುಂಜದ ಮೂತ್ರಪಿಂಡಕ್ಕೆ ಅದು ಹೊರೆ. ಬೆಳೆಯುವ ಕೋಳಿಯ ಮೇವು ಸಾಕು.

ಹುಂಜದ ಕಾಲಿನ ಹಿಂಬದಿಯಲ್ಲಿ ಬೆಳೆಯುವ ಮುಳ್ಳಿನ ಮೊನೆಯನ್ನಷ್ಟೇ ಅರದಿಂದ ಉಜ್ಜಿ ಮೊಂಡಾಗಿಸಬಹುದು. ಒಳಗೆ ಮೂಳೆಯಿದೆ, ಬುಡದಲ್ಲಿ ಕತ್ತರಿಸಿದರೆ ರಕ್ತ ಸುರಿಯುತ್ತದೆ.

ತಿನ್ನುವ ಮೊಟ್ಟೆ ಮಾತ್ರ ಸಾಕೆನ್ನುವವರಿಗೆ ಹುಂಜದ ಅಗತ್ಯವೇ ಇಲ್ಲ. ತಳಿಗೆಂದು ಹುಂಜ ಬದಲಿಸುವವರು ಹಳೆಯದನ್ನು ತೆಗೆದ ಮೇಲೆ ಮೂರು ವಾರ ಕಾದು, ನಂತರದ ಮೊಟ್ಟೆಗಳನ್ನೇ ಕಾವಿಗೆ ಇಡಬೇಕು. ಅಲ್ಲಿಯವರೆಗೂ ಹಳೆಯ ಹುಂಜದ ಮರಿ ಹುಟ್ಟಬಹುದು.

– ಕೋಳಿ ಸಾಕುವ ಓದುಗರೊಬ್ಬರು