ಕಥಾ ಕಮ್ಮಟದಲ್ಲಿ ಶಿಬಿರಾರ್ಥಿಯ ಕಥೆಗೆ ಸಮಯ ಸಿಗಲಿ

ಮಾನ್ಯರೇ,

ವಿಜಯಪುರ ಮತ್ತು ಸುತ್ತಲಿನ ಊರುಗಳ ಕಥಾ ಕಮ್ಮಟಗಳಲ್ಲಿ ಹೆಚ್ಚಿನ ಸಮಯ ಉದ್ಘಾಟನೆ, ಸನ್ಮಾನ, ಉಪನ್ಯಾಸಗಳಲ್ಲೇ ಕಳೆದು, ಶಿಬಿರಾರ್ಥಿಗಳು ಬರೆದು ತಂದ ಹಾಳೆಗಳು ಅವರ ಚೀಲದಲ್ಲೇ ಉಳಿಯುತ್ತಿರುವುದು ನೋವಿನ ಸಂಗತಿ.

ಕಥೆ ಬರೆಯುವ, ಕಮ್ಮಟಗಳಲ್ಲಿ ಕಲಿಸುವ ನಾನು ಬೇರೊಂದು ಕ್ರಮವನ್ನು ನಂಬಿದ್ದೇನೆ. ಶಿಬಿರಾರ್ಥಿಯ ಕಥೆಯನ್ನು ಎಲ್ಲರೂ ಮೊದಲೇ ಓದಿ ಬರಬೇಕು. ತೀರ್ಪು ಕೊಡುವ ಮುನ್ನ ನಿರೂಪಕ ಯಾರು, ಅವನಿಗೆ ಎಷ್ಟು ಗೊತ್ತಿದೆ, ಓದುಗರ ಗಮನ ಯಾವ ವಾಕ್ಯದಲ್ಲಿ ಜಾರಿತು ಎಂಬ ಪ್ರಶ್ನೆಗಳಿಂದ ಚರ್ಚೆ ಆರಂಭವಾಗಬೇಕು. 1936ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಬರಹಗಾರರ ಕಮ್ಮಟದ ಮೂಲಕ ಪ್ರಸಿದ್ಧವಾದ ಮಾದರಿಯಲ್ಲಿ, ಚರ್ಚೆ ಮುಗಿಯುವವರೆಗೆ ಲೇಖಕರು ಮೌನವಾಗಿರುವುದು ರೂಢಿ. ಮೊದಲ ಸಲ ಬರೆಯುವ ನಮ್ಮ ಹೆಣ್ಣುಮಕ್ಕಳು ಅಂಥ ಮೌನವನ್ನು ಮನೆಯಲ್ಲಿ ಸಾಕಷ್ಟು ಕಂಡವರು. ಆದ್ದರಿಂದ ಮೊದಲ ಮಾತನ್ನು ನಾನು ಅವರಿಗೇ ಬಿಡುತ್ತೇನೆ.

ಇಂಡಿ, ಸಿಂದಗಿ ಕಡೆಯ ಯುವಕರು ತಮ್ಮ ಮನೆಮಾತನ್ನು ಅಳಿಸಿ, ಪಠ್ಯಪುಸ್ತಕದ ಕನ್ನಡದಲ್ಲಿ ಸಂಭಾಷಣೆ ಬರೆದು ತರುತ್ತಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರಿದ್ದ ‘ಹಲಸಂಗಿಯ ಗೆಳೆಯರು’ ಎಂಬ ಸಾಹಿತ್ಯ ಬಳಗ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದ ಈ ಜಿಲ್ಲೆಯಲ್ಲಿ ಅಂಥ ಸಂಕೋಚ ಸಲ್ಲದು. ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಕಿವಿಗೆ ಬಿದ್ದ ಮಾತನ್ನು ಇದ್ದಂತೆಯೇ ಬರೆದು ತರುವುದು ನನ್ನ ಮೊದಲ ಪಾಠ.

ಕಮ್ಮಟ ಏರ್ಪಡಿಸುವ ಕಾಲೇಜುಗಳು, ಸಾಹಿತ್ಯ ಸಂಘಟನೆಗಳು ಶಿಬಿರಾರ್ಥಿಗಳ ಸಂಖ್ಯೆಯನ್ನು 15ಕ್ಕೆ ಮಿತಿಗೊಳಿಸಿ, ಕಥೆಗಳನ್ನು ಎರಡು ವಾರ ಮೊದಲೇ ತರಿಸಿಕೊಂಡು ಎಲ್ಲರಿಗೂ ಹಂಚಬೇಕೆಂದು ವಿನಂತಿಸುತ್ತೇನೆ. ತಿದ್ದಿದ ಕರಡನ್ನು ಓದಲು ತಿಂಗಳ ಬಳಿಕ ಮತ್ತೊಮ್ಮೆ ಸೇರುವ ವ್ಯವಸ್ಥೆಯೂ ಇರಲಿ.

— ಒಬ್ಬ ಕಥೆಗಾರ್ತಿ, ವಿಜಯಪುರ